‘ಮ್ಯಾನೇಜರ್’ ಎಂದರೆ ಕಾನೂನಿನ ಕಣ್ಣಲ್ಲಿ ಯಾರು? — ಕಾರ್ಮಿಕ ವಕೀಲರೊಂದಿಗೆ ಪ್ರಶ್ನೋತ್ತರ

ಬಳಗದ ನಿರ್ವಾಹಕರಿಂದ: ಈ ವಾರ ಪ್ರಶ್ನೆಗಳಿಗೆ ಉತ್ತರಿಸುವವರು ಕಲಬುರಗಿಯಲ್ಲಿ ಕಾರ್ಮಿಕ ಮೊಕದ್ದಮೆಗಳನ್ನು ನಡೆಸುವ ವಕೀಲರು. ಕೆಲಸ ಮಾಡುವ ಸಂಸ್ಥೆಯ ಹೆಸರು, ಮಾಲೀಕರ ಹೆಸರು, ಫೋನ್ ನಂಬರು ಯಾರೂ ಹಾಕಬಾರದು. ಊರಿನ ಹೆಸರು ಸಾಕು.

ಪ್ರಶ್ನೆ (ಕಪನೂರು, ಕಲಬುರಗಿ): ವಕೀಲರಿಗೆ ನಮಸ್ಕಾರ. ನಾನು 2019ರಲ್ಲಿ ಒಂದು ದಾಲ್ ಮಿಲ್ಲಿಗೆ ಸ್ಟೋರ್ ಕ್ಲರ್ಕ್ ಆಗಿ ಸೇರಿದೆ. ಮೂರು ವರ್ಷದ ನಂತರ ‘ಸ್ಟೋರ್ಸ್ ಮ್ಯಾನೇಜರ್’ ಎಂದು ಬಡ್ತಿ ಪತ್ರ ಕೊಟ್ಟರು. ಪಗಾರ ಎಂಟುನೂರು ರೂಪಾಯಿ ಹೆಚ್ಚಾಯಿತು, ಆದರೆ ತೊಗರಿ ಸುಗ್ಗಿಯಲ್ಲಿ ಸಿಗುತ್ತಿದ್ದ ಓವರ್‌ಟೈಮ್ ನಿಂತುಹೋಯಿತು. ಕೇಳಿದರೆ ‘ಮ್ಯಾನೇಜರ್‌ಗೆ ಓವರ್‌ಟೈಮ್ ಇರುವುದಿಲ್ಲ’ ಎಂದರು. ಈಗ ಪಗಾರ 16,500. ಹೋದ ತಿಂಗಳು ‘ನಾಳೆಯಿಂದ ಬರಬೇಡ’ ಎಂದು ಬಾಯಲ್ಲೇ ಹೇಳಿ ಕಳಿಸಿದ್ದಾರೆ. ಕಾರ್ಮಿಕ ಇಲಾಖೆಗೆ ಹೋಗುತ್ತೇನೆ ಎಂದಿದ್ದಕ್ಕೆ ಸಾಹುಕಾರರು ನಕ್ಕು, ‘ನೀನು ಮ್ಯಾನೇಜರ್, ಕಾರ್ಮಿಕನಲ್ಲ, ಅಲ್ಲಿ ನಿನ್ನನ್ನು ಒಳಗೇ ಬಿಡುವುದಿಲ್ಲ’ ಎಂದರು. ಇದು ನಿಜವೇ?

ವಕೀಲರ ಉತ್ತರ: ತಮ್ಮಾ, ಒಳಗೆ ಬಿಡುತ್ತಾರೆ. ಧೈರ್ಯವಾಗಿ ಹೋಗು. ಆದರೆ ಸಾಹುಕಾರರ ಮಾತು ಪೂರ್ತಿ ಬುಡವಿಲ್ಲದ್ದೂ ಅಲ್ಲ, ಅದರಲ್ಲಿ ಕಾಲುಭಾಗ ಸತ್ಯವಿದೆ. ಆ ಕಾಲುಭಾಗವನ್ನೇ ಹಿಡಿದುಕೊಂಡು ನಮ್ಮ ಜಿಲ್ಲೆಗಳಲ್ಲಿ ನೂರಾರು ಜನರ ಬಾಯಿ ಮುಚ್ಚಿಸುತ್ತಾರೆ. ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

1947ರ ಕೈಗಾರಿಕಾ ವಿವಾದ ಕಾಯ್ದೆಯಲ್ಲಿ ‘ಕಾರ್ಮಿಕ’ ಯಾರು ಎಂದು ಹೇಳುವ ಕಲಂ ಒಂದಿತ್ತು. ಮೈಮುರಿದು ದುಡಿಯುವವನು, ಕುಶಲ ಕೆಲಸದವನು, ತಾಂತ್ರಿಕ ಕೆಲಸದವನು, ಗುಮಾಸ್ತ, ಮೇಲ್ವಿಚಾರಕ ಎಲ್ಲರೂ ಅದರೊಳಗೆ ಬರುತ್ತಿದ್ದರು. ಹೊರಗಿಟ್ಟಿದ್ದು ಮುಖ್ಯವಾಗಿ ಎರಡು ಬಗೆಯ ಜನರನ್ನು. ಪ್ರಧಾನವಾಗಿ ಆಡಳಿತ ಅಥವಾ ವ್ಯವಸ್ಥಾಪನೆಯ ಹೊಣೆ ಹೊತ್ತವರು ಒಂದು ಬಗೆ. ಮೇಲ್ವಿಚಾರಕರಾಗಿದ್ದು ನಿಗದಿತ ಮಿತಿಗಿಂತ ಹೆಚ್ಚು ಪಗಾರ ಪಡೆಯುವವರು ಇನ್ನೊಂದು. ಆ ಮಿತಿ ಬಹುಕಾಲ 1,600 ರೂಪಾಯಿ ಇತ್ತು, 2010ರಲ್ಲಿ 10,000 ಆಯಿತು. ಈಗ ಆ ಕಾಯ್ದೆಯ ಜಾಗಕ್ಕೆ 2020ರ ಕೈಗಾರಿಕಾ ಸಂಬಂಧಗಳ ಸಂಹಿತೆ ಬಂದಿದೆ, 2025ರ ನವೆಂಬರ್ 21ರಿಂದ ಜಾರಿಯಲ್ಲಿದೆ. ವಿವರಣೆಯ ಎಲುಬು ಹಳೆಯದೇ. ಮೇಲ್ವಿಚಾರಕರ ಮಿತಿ ಮಾತ್ರ 18,000ಕ್ಕೆ ಏರಿದೆ.

ಈಗ ಗಮನಿಸು. ಈ ವಿವರಣೆಯಲ್ಲಿ ಎಲ್ಲಿಯೂ ‘ಮ್ಯಾನೇಜರ್ ಎಂದು ಹೆಸರಿಟ್ಟವನು’ ಎಂದಿಲ್ಲ. ವ್ಯವಸ್ಥಾಪನೆಯ ಕೆಲಸ ಮಾಡುವವನು ಎಂದಿದೆ. ಹೆಸರಿಗೂ ಕೆಲಸಕ್ಕೂ ಇರುವ ಈ ಅಂತರದ ಮೇಲೆಯೇ ಎಷ್ಟೋ ಮೊಕದ್ದಮೆಗಳು ನಿಂತಿವೆ. 1985ರಲ್ಲಿ ಸಿಬಾ ಗೈಗಿ ಎಂಬ ಔಷಧ ಕಂಪನಿಯ ಪ್ರಕರಣ ಸುಪ್ರೀಂ ಕೋರ್ಟಿಗೆ ಬಂತು. ಸ್ಟೆನೋಗ್ರಾಫರ್ ಮತ್ತು ಲೆಕ್ಕಿಗನಾಗಿ ಸೇರಿದ್ದ ನೌಕರನನ್ನು ಕಂಪನಿ ತೆಗೆದುಹಾಕಿ, ಅವನು ಆಡಳಿತ ವರ್ಗದವನು ಎಂದು ವಾದಿಸಿತು. ನೌಕರನಿಗೆ ಹತ್ತು ತರದ ಕೆಲಸವಿದ್ದರೆ ಅದರಲ್ಲಿ ಮೂಲ ಕೆಲಸ ಯಾವುದು ಎಂದು ಮೊದಲು ನೋಡಿ, ಅಂಟಿಸಿದ ಹೆಸರನ್ನು ನೋಡಬೇಡಿ ಎಂದು ಕೋರ್ಟು ಹೇಳಿತು. ಕೆಲಸಗಾರ ಗೆದ್ದ. 2006ರಲ್ಲಿ ಗುಜರಾತಿನ ಆಣಂದದ ಎಣ್ಣೆಕಾಳು ಬೆಳೆಗಾರರ ಸಹಕಾರ ಒಕ್ಕೂಟದ ಪ್ರಕರಣದಲ್ಲಿಯೂ ಇದೇ ಆಯಿತು. ಗುಣಮಟ್ಟ ಪರೀಕ್ಷೆ ಮಾಡುತ್ತಿದ್ದವನಿಗೆ ‘ಅಸಿಸ್ಟೆಂಟ್ ಎಕ್ಸಿಕ್ಯೂಟಿವ್’ ಎಂಬ ಬಿರುದು ಇದ್ದರೂ ಅವನು ಕಾರ್ಮಿಕನೇ ಎಂದಾಯಿತು.

ಸಾಹುಕಾರರ ಕಾಲುಭಾಗ ಸತ್ಯ ಇಲ್ಲಿದೆ: ತಾನು ಕಾರ್ಮಿಕ ಎಂದು ತೋರಿಸಿಕೊಡುವ ಹೊರೆ ನಿನ್ನ ಮೇಲೆಯೇ ಇರುತ್ತದೆ. 2024ರಲ್ಲಿ ಸುಪ್ರೀಂ ಕೋರ್ಟು ಪತ್ರಿಕಾ ಸಂಸ್ಥೆಯೊಂದರ ಸಹಾಯಕ ಎಂಜಿನಿಯರ್ ಒಬ್ಬರ ಪ್ರಕರಣದಲ್ಲಿ, ಅವರು ಕೆಳಗಿನವರ ಮೇಲ್ವಿಚಾರಣೆ ಮಾಡುತ್ತಿದ್ದರು, ಪಗಾರವೂ ಆಗಿನ ಮಿತಿಯನ್ನು ದಾಟಿತ್ತು, ಆದ್ದರಿಂದ ಕಾರ್ಮಿಕರಲ್ಲ ಎಂದು ತೀರ್ಪು ಕೊಟ್ಟಿತು. ಹಾಗಾಗಿ ಬರಿಗೈಯಲ್ಲಿ ಹೋಗಬೇಡ. ದಿನಕ್ಕೆ ನೀನು ಏನೇನು ಮಾಡುತ್ತಿದ್ದೆ, ಒಂದೊಂದಾಗಿ ಇಲ್ಲಿ ಬರೆ ನೋಡೋಣ. ರಜೆ ಯಾರು ಕೊಡುತ್ತಿದ್ದರು, ಹಣ ಯಾರು ಮಂಜೂರು ಮಾಡುತ್ತಿದ್ದರು ಎಂಬುದನ್ನು ಮರೆಯದೆ ಹೇಳು.

ಕಪನೂರಿನವರ ಮರುಪ್ರಶ್ನೆ: ಬೆಳಿಗ್ಗೆ ಲಾರಿ ಬಂದರೆ ವೇಬ್ರಿಡ್ಜಿನ ಚೀಟಿ ನೋಡಿ ರಿಜಿಸ್ಟರಿನಲ್ಲಿ ಏರಿಸುತ್ತಿದ್ದೆ. ಚೀಲಕ್ಕೆ ಬಂಬು ಚುಚ್ಚಿ ಮಾದರಿ ತೆಗೆದು ತೇವಾಂಶದ ಮೀಟರಿಗೆ ಹಾಕುತ್ತಿದ್ದೆ. ಹನ್ನೆರಡಕ್ಕಿಂತ ಹೆಚ್ಚು ತೋರಿಸಿದರೆ ಸಾಹುಕಾರರ ಮಗನಿಗೆ ಫೋನ್ ಮಾಡುತ್ತಿದ್ದೆ, ಇಳಿಸು ಅಥವಾ ವಾಪಸ್ ಕಳಿಸು ಎಂದು ಅವರೇ ಹೇಳುತ್ತಿದ್ದರು. ಬಾರದಾನದ ಲೆಕ್ಕ, ಬೇಳೆ ಚೀಲದ ಲೆಕ್ಕ, ಗೇಟ್ ಪಾಸ್ ನನ್ನದು. ಎಂಟು ಜನ ಹಮಾಲರ ಹಾಜರಿ ಹಾಕುತ್ತಿದ್ದೆ. ಆದರೆ ಅವರ ರಜೆ, ಬಟವಾಡೆ ಎಲ್ಲ ಸಾಹುಕಾರರ ಮಗನದೇ. ಬೆಲ್ಟಿಗೆ ಗ್ರೀಸ್ ತರಲು ಮುನ್ನೂರು ರೂಪಾಯಿ ಬೇಕಾದರೂ ಚೀಟಿ ಬರೆದು ಸಹಿ ಮಾಡಿಸಿಕೊಳ್ಳಬೇಕಿತ್ತು.

ವಕೀಲರ ಉತ್ತರ: ಇಷ್ಟು ಸಾಕು. ಗ್ರೀಸಿನ ಚೀಟಿಗಳು ಹಳೆಯವು ಯಾವುದಾದರೂ ನಿನ್ನ ಬಳಿ ಇದ್ದರೆ ಜೋಪಾನವಾಗಿಡು, ಬಡ್ತಿ ಪತ್ರಕ್ಕಿಂತ ಅವೇ ಹೆಚ್ಚು ಮಾತಾಡುತ್ತವೆ.

ವ್ಯವಸ್ಥಾಪಕ ಎಂದರೆ ಮಾಲೀಕನ ಪರವಾಗಿ ತೀರ್ಮಾನ ಮಾಡುವವನು. ಜನರನ್ನು ತೆಗೆದುಕೊಳ್ಳುವುದು, ತೆಗೆಯುವುದು, ನೋಟಿಸು ಕೊಡುವುದು, ರಜೆ ಮಂಜೂರು ಮಾಡುವುದು, ದರ ಒಪ್ಪುವುದು, ಖರ್ಚಿಗೆ ಸಹಿ ಹಾಕುವುದು. ಎಲ್ಲವೂ ಇರಬೇಕೆಂದಿಲ್ಲ, ಆದರೆ ತನ್ನ ಬುದ್ಧಿಯಿಂದ ಹೂಂ ಅಥವಾ ಊಹೂಂ ಎನ್ನುವ ಅಧಿಕಾರ ಸ್ವಲ್ಪವಾದರೂ ಇರಬೇಕು. ನಿನ್ನ ಪಟ್ಟಿಯಲ್ಲಿ ಅಂಥದ್ದು ಒಂದೂ ಇಲ್ಲ. ತೇವಾಂಶ ಹೆಚ್ಚಾದ ಲಾರಿಯನ್ನು ವಾಪಸ್ ಕಳಿಸುವ ಅಧಿಕಾರವೂ ನಿನಗಿರಲಿಲ್ಲ. ಬರೆಯುವುದು, ಎಣಿಸುವುದು, ಅಳೆಯುವುದು ಗುಮಾಸ್ತಿಕೆ ಮತ್ತು ತಾಂತ್ರಿಕ ಕೆಲಸ. ಹಮಾಲರ ಹಾಜರಿ ಹಾಕುವುದನ್ನು ಎಳೆದಾಡಿ ಮೇಲ್ವಿಚಾರಣೆ ಎಂದರೂ ನಿನ್ನ ಪಗಾರ 18,000ದ ಒಳಗಿದೆ. ಆ ದಾರಿಯಲ್ಲಿಯೂ ನೀನು ಕಾರ್ಮಿಕನೇ.

ಮಾಡಬೇಕಾದ್ದು ಇಷ್ಟು. ಬಾಯಿಮಾತಿನಲ್ಲಿ ತೆಗೆದಿದ್ದಾರಲ್ಲ, ನಾಳೆ ‘ಅವನೇ ಬಿಟ್ಟು ಹೋದ’ ಎನ್ನುತ್ತಾರೆ. ಆದ್ದರಿಂದ ಇವತ್ತೇ ರಿಜಿಸ್ಟರ್ಡ್ ಅಂಚೆಯಲ್ಲಿ ಒಂದು ಪತ್ರ ಹಾಕು: ಇಂಥ ದಿನ ಕೆಲಸಕ್ಕೆ ಬರಬೇಡ ಎಂದಿರಿ, ನಾನು ಕೆಲಸಕ್ಕೆ ಸಿದ್ಧನಿದ್ದೇನೆ, ಕಾರಣವನ್ನು ಲಿಖಿತವಾಗಿ ಕೊಡಿ. ನಂತರ ಕಾರ್ಮಿಕ ಇಲಾಖೆಯ ಸಂಧಾನಾಧಿಕಾರಿಗೆ ಅರ್ಜಿ. ಎರಡು ವರ್ಷ ಕಳೆದರೆ ಅವರು ಅದನ್ನು ಕೈಗೆತ್ತಿಕೊಳ್ಳುವಂತಿಲ್ಲ, ಆದರೆ ಎರಡು ತಿಂಗಳೂ ಕಾಯಬೇಡ, ಸಾಕ್ಷಿ ಹೇಳುವ ಹಮಾಲರು ಬೇರೆ ಮಿಲ್ಲಿಗೆ ಹೋಗಿಬಿಡುತ್ತಾರೆ. ಕೆಲಸ ಕಡಿಮೆಯಾಯಿತೆಂದು ತೆಗೆಯುವುದಾದರೆ ಒಂದು ತಿಂಗಳ ನೋಟಿಸು ಅಥವಾ ಅದರ ಪಗಾರ ಕೊಡಬೇಕು, ಪೂರೈಸಿದ ಪ್ರತಿ ವರ್ಷಕ್ಕೆ 15 ದಿನದ ಸರಾಸರಿ ಪಗಾರ ಕೊಡಬೇಕು. ತಪ್ಪು ಹೊರಿಸಿ ತೆಗೆಯುವುದಾದರೆ ವಿಚಾರಣೆ ನಡೆಸಬೇಕು. ಎರಡೂ ಮಾಡಿಲ್ಲ. ಓವರ್‌ಟೈಮಿಗೆ ದುಪ್ಪಟ್ಟು ದರ ಸಿಗಬೇಕು, ಅದನ್ನು ಬೇರೆಯಾಗಿ ಕೇಳು. ಲಾರಿ ರಿಜಿಸ್ಟರಿನಲ್ಲಿ ರಾತ್ರಿ ಲಾರಿಗಳ ಹೊತ್ತು ನಿನ್ನದೇ ಅಕ್ಷರದಲ್ಲಿ ಇರುತ್ತದೆ, ಆ ರಿಜಿಸ್ಟರನ್ನು ಹಾಜರುಪಡಿಸಲು ಆದೇಶ ಕೊಡಿ ಎಂದು ಕೋರಬಹುದು.

ಪ್ರಶ್ನೆ (ಸೇಡಂ): ಸರ್, ನಾನು ಸಿಮೆಂಟ್ ಕಾರ್ಖಾನೆಗೆ ಆಳುಗಳನ್ನು ಒದಗಿಸುವ ಗುತ್ತಿಗೆದಾರರ ಬಳಿ ‘ಶಿಫ್ಟ್ ಮ್ಯಾನೇಜರ್’. ಕೆಲಸ ನಿಜಕ್ಕೂ ಮೇಲ್ವಿಚಾರಣೆಯದೇ, ಒಪ್ಪುತ್ತೇನೆ. ಪಗಾರ ಚೀಟಿಯಲ್ಲಿ ಒಟ್ಟು 24,000 ಇದೆ. ಅಲ್ಲಿಗೆ ನನ್ನ ಕಥೆ ಮುಗಿಯಿತೇ?

ವಕೀಲರ ಉತ್ತರ: ಚೀಟಿಯ ಕೊನೆಯ ಸಾಲನ್ನಷ್ಟೇ ನೋಡಬೇಡಿ, ಮೇಲಿನಿಂದ ಓದಿ. 18,000 ಎಂಬುದು ಸಂಹಿತೆ ಹೇಳುವ ‘ವೇತನ’ದ ಲೆಕ್ಕ. ಅದರಲ್ಲಿ ಮೂಲ ವೇತನ, ತುಟ್ಟಿಭತ್ಯೆ ಸೇರುತ್ತವೆ. ಮನೆ ಬಾಡಿಗೆ ಭತ್ಯೆ, ಓಡಾಟದ ಭತ್ಯೆ, ಓವರ್‌ಟೈಮ್ ಮೊದಲಾದವು ಹೊರಗೆ. ಆದರೆ ಹೀಗೆ ಹೊರಗಿಟ್ಟ ಬಾಬ್ತುಗಳು ಒಟ್ಟು ಹಣದ ಅರ್ಧವನ್ನು ಮೀರಿದರೆ, ಮೀರಿದಷ್ಟನ್ನು ವೇತನಕ್ಕೆ ಸೇರಿಸಬೇಕು.

ನಿಮ್ಮ 24,000ದಲ್ಲಿ ಮೂಲ ಮತ್ತು ತುಟ್ಟಿಭತ್ಯೆ 11,000, ಮನೆ ಬಾಡಿಗೆ 8,000, ಓಡಾಟ 3,000, ಓವರ್‌ಟೈಮ್ 2,000 ಎಂದಿಟ್ಟುಕೊಳ್ಳಿ. ಹೊರಗಿನದು 13,000 ಆಯಿತು, ಅರ್ಧವೆಂದರೆ 12,000. ಮೀರಿದ 1,000ವನ್ನು 11,000ಕ್ಕೆ ಸೇರಿಸಿದರೆ ವೇತನ 12,000. ಮಿತಿಗಿಂತ ಎಷ್ಟೋ ಕೆಳಗೆ. ಮೂಲ ವೇತನವನ್ನು ಕುಗ್ಗಿಸಿ ಪಿಎಫ್ ಉಳಿಸಿಕೊಳ್ಳಲು ಹೊರಟವರಿಗೆ ಇದೊಂದು ತಿರುಗುಬಾಣ. ‘ವಿಶೇಷ ಭತ್ಯೆ’ ಎಂಬ ಹೆಸರಿನಲ್ಲಿ ಏನಾದರೂ ಇದ್ದರೆ ಮಾತ್ರ ಎಚ್ಚರ, ಅದು ಹೊರಗಿಡುವ ಪಟ್ಟಿಯಲ್ಲಿಲ್ಲ, ವೇತನದಲ್ಲಿಯೇ ಲೆಕ್ಕಕ್ಕೆ ಬರುತ್ತದೆ. ನಿಮ್ಮ ಚೀಟಿಯ ಬಾಬ್ತುಗಳನ್ನು ಹೆಸರಿನ ಸಮೇತ ಬರೆದು ಕೂಡಿಸಿ ನೋಡಿ.

ಪ್ರಶ್ನೆ (ಕಡೇಚೂರು, ಯಾದಗಿರಿ): ಸರ್, ನಾನು ಬಿಎಸ್ಸಿ ಕೆಮಿಸ್ಟ್ರಿ. ಇಲ್ಲಿನ ಕೈಗಾರಿಕಾ ಪ್ರದೇಶದಲ್ಲಿ ಒಂದು ಸಣ್ಣ ರಾಸಾಯನಿಕ ಘಟಕದಲ್ಲಿ ಪ್ರೊಡಕ್ಷನ್ ಕೆಲಸ. ಮೊನ್ನೆ ಕಚೇರಿಯವರು ಒಂದು ಅರ್ಜಿ ನಮೂನೆ ತಂದು ‘ಮ್ಯಾನೇಜರ್’ ಎಂಬ ಕಡೆ ನನ್ನ ಹೆಸರು ತುಂಬಿ ಸಹಿ ಮಾಡು ಎಂದರು. ಇಲಾಖೆಗೆ ಕೊಡಲು ಬೇಕಂತೆ, ಬರೀ ಔಪಚಾರಿಕವಂತೆ. ಪಗಾರ ಹೆಚ್ಚಿಸುವುದಿಲ್ಲವಂತೆ. ಮನೆಯಲ್ಲಿ ಎಲ್ಲರೂ ಖುಷಿಯಾಗಿದ್ದಾರೆ, ಮಗ ಮ್ಯಾನೇಜರ್ ಆದ ಎಂದು. ಸಹಿ ಮಾಡಲೇ?

ವಕೀಲರ ಉತ್ತರ: ಪೆನ್ನು ಕೆಳಗಿಡು, ಮೊದಲು ಇದನ್ನು ಓದು.

ಮೇಲಿನ ಉತ್ತರಗಳಲ್ಲಿ ಹೆಸರಿಗೆ ಬೆಲೆಯಿಲ್ಲ, ಕೆಲಸಕ್ಕೆ ಬೆಲೆ ಎಂದೆ. ನಿನ್ನ ಮುಂದಿರುವ ಕಾಗದ ಅದಕ್ಕೆ ಅಪವಾದ. ಈ ಒಂದು ಕಾಗದದಲ್ಲಿ ಹೆಸರಿಗೆ ಬೆಲೆಯಿದೆ, ಆ ಬೆಲೆಯನ್ನು ನೀನು ತೆರಬೇಕಾಗಬಹುದು.

1948ರ ಕಾರ್ಖಾನೆ ಕಾಯ್ದೆಯ ಕಾಲದಿಂದಲೂ ಕಾರ್ಖಾನೆಗೆ ಇಬ್ಬರು ಹೊಣೆಗಾರರು. ಒಬ್ಬ ಅಧಿಭೋಗದಾರ, ಎಂದರೆ ಕಾರ್ಖಾನೆಯ ಆಗುಹೋಗುಗಳ ಮೇಲೆ ಕೊನೆಯ ಹಿಡಿತ ಇರುವವನು. ಇನ್ನೊಬ್ಬ ಮ್ಯಾನೇಜರ್. ಇಬ್ಬರ ಹೆಸರನ್ನೂ ಕಾರ್ಖಾನೆಗಳು ಮತ್ತು ಬಾಯ್ಲರುಗಳ ಇಲಾಖೆಗೆ ಬರೆದುಕೊಡಬೇಕು, ಮ್ಯಾನೇಜರ್ ಬದಲಾದರೆ ಅದನ್ನೂ ತಿಳಿಸಬೇಕು. ಸುರಕ್ಷತೆಯ ನಿಯಮ ಮುರಿದರೆ ಆ ಕಾಯ್ದೆಯ 92ನೇ ಕಲಂ ಪ್ರಕಾರ ಇಬ್ಬರೂ ಆರೋಪಿಗಳಾಗುತ್ತಿದ್ದರು, ಎರಡು ವರ್ಷದವರೆಗೆ ಸೆರೆ ಅಥವಾ ಒಂದು ಲಕ್ಷದವರೆಗೆ ದಂಡ ಅಥವಾ ಎರಡೂ ಇತ್ತು. ಈಗ ಅದರ ಜಾಗಕ್ಕೆ ಬಂದ 2020ರ ಔದ್ಯೋಗಿಕ ಸುರಕ್ಷತೆಯ ಸಂಹಿತೆಯಲ್ಲಿ ಕರ್ತವ್ಯಲೋಪದಿಂದ ಸಾವು ಸಂಭವಿಸಿದರೆ ಎರಡು ವರ್ಷದವರೆಗೆ ಸೆರೆ ಅಥವಾ ಐದು ಲಕ್ಷಕ್ಕೆ ಕಡಿಮೆಯಿಲ್ಲದ ದಂಡ. ರಿಯಾಕ್ಟರ್ ಇರುವ ಜಾಗದಲ್ಲಿ ಇದು ಔಪಚಾರಿಕದ ಮಾತಲ್ಲ. ರಾತ್ರಿ ಪಾಳಿಯಲ್ಲಿ ಒಬ್ಬ ಹುಡುಗ ಮುಖವಾಡವಿಲ್ಲದೆ ಟ್ಯಾಂಕಿಗೆ ಇಳಿದ ಎಂದಿಟ್ಟುಕೋ. ಬೆಳಿಗ್ಗೆ ಬಂದ ಇನ್‌ಸ್ಪೆಕ್ಟರ್ ಮೊದಲು ತೆಗೆದು ನೋಡುವುದು ಈ ನಮೂನೆಯನ್ನೇ.

ಹಾಗೆಂದು ಸಹಿ ಮಾಡಲೇಬೇಡ ಎನ್ನುವುದಿಲ್ಲ. ಒಳ್ಳೆಯ ಘಟಕಗಳಲ್ಲಿ ಇದು ಗೌರವದ ಹುದ್ದೆ, ಅದಕ್ಕೆ ತಕ್ಕ ಪಗಾರವೂ ಇರುತ್ತದೆ. ಆದರೆ ಹೊಣೆ ಕೊಡುವವರು ಅಧಿಕಾರವನ್ನೂ ಕೊಡಬೇಕು. ಲಿಖಿತವಾಗಿ ಕೇಳು: ಅಪಾಯ ಕಂಡರೆ ಯಂತ್ರ ನಿಲ್ಲಿಸುವ ಅಧಿಕಾರ ನನಗಿದೆಯೇ? ಸುರಕ್ಷತಾ ಸಾಮಗ್ರಿಗೆ ಯಾರನ್ನೂ ಕೇಳದೆ ಎಷ್ಟು ಖರ್ಚು ಮಾಡಬಹುದು? ನಿಯಮ ಮುರಿದವನಿಗೆ ಗೇಟ್ ಹೊರಗೆ ಹೋಗು ಎನ್ನಬಹುದೇ? ಇವಕ್ಕೆ ಉತ್ತರ ಬಂದರೆ, ಪಗಾರವೂ ಅದಕ್ಕೆ ತಕ್ಕಂತೆ ಬಂದರೆ, ಸಹಿ ಮಾಡು. ‘ಅದೆಲ್ಲ ಹೈದರಾಬಾದಿನಿಂದ ನೋಡಿಕೊಳ್ಳುತ್ತಾರೆ’ ಎಂದರೆ, ಹಾಗಾದರೆ ನಮೂನೆಯಲ್ಲಿಯೂ ಹೈದರಾಬಾದಿನವರ ಹೆಸರೇ ಇರಲಿ ಎಂದು ಹೇಳು.

ಇನ್ನೊಂದು ಮಾತು. ಹಳೆಯ ಕಾಯ್ದೆಯಲ್ಲಿ ಒಂದು ಸೊಗಸಾದ ಉಪಕಲಂ ಇತ್ತು. ಯಾರ ಹೆಸರನ್ನೂ ಮ್ಯಾನೇಜರ್ ಎಂದು ಕೊಡದಿದ್ದ ಅವಧಿಯಲ್ಲಿ, ಆ ಕೆಲಸ ಮಾಡುತ್ತಿರುವುದು ಕಂಡುಬಂದವನೇ ಮ್ಯಾನೇಜರ್ ಎಂದು ತಿಳಿಯಬೇಕು, ಅಂಥವನೂ ಸಿಗದಿದ್ದರೆ ಅಧಿಭೋಗದಾರನೇ ಮ್ಯಾನೇಜರ್. ಅಂದರೆ ಜಾಗ ಖಾಲಿ ಬಿಟ್ಟರೆ ಹೊಣೆ ತಿರುಗಿ ಮಾಲೀಕರ ತಲೆಗೇ ಬರುತ್ತಿತ್ತು. ನಿನ್ನ ಸಹಿಗೆ ಇಷ್ಟು ಅವಸರ ಏಕೆ ಎಂಬುದು ಈಗ ಅರ್ಥವಾಗಿರಬಹುದು.

ಪ್ರಶ್ನೆ (ಕಲಬುರಗಿ): ವಕೀಲರೇ, ನಾನು ಖಾಸಗಿ ಆಸ್ಪತ್ರೆಯಲ್ಲಿ ‘ಫ್ಲೋರ್ ಮ್ಯಾನೇಜರ್’. ಆರು ವರ್ಷ ತುಂಬಿದೆ, ಪಗಾರ 19,500. ನರ್ಸುಗಳಿಗೆ ದೀಪಾವಳಿಗೆ ಬೋನಸ್ ಬಂತು. ನನಗೆ ‘ಮೇಡಂ, ನೀವು ಮ್ಯಾನೇಜ್‌ಮೆಂಟ್’ ಎಂದು ಹೇಳಿ ಸಿಹಿ ಡಬ್ಬಿ ಕೊಟ್ಟರು. ಬಿಡುವುದಾದರೆ ಗ್ರಾಚ್ಯುಟಿಯೂ ಇಲ್ಲವೇ?

ವಕೀಲರ ಉತ್ತರ: ಅಕ್ಕಾ, ಸಿಹಿ ತಿನ್ನಿ, ಬೋನಸ್ಸನ್ನೂ ಕೇಳಿ. ಬೋನಸ್ ಕಾನೂನು ಮ್ಯಾನೇಜರನನ್ನು ಹೊರಗಿಟ್ಟಿರಲೇ ಇಲ್ಲ. 1965ರ ಕಾಯ್ದೆಯಲ್ಲಿ ‘ನೌಕರ’ ಎಂಬ ಮಾತಿನೊಳಗೆ ಮೇಲ್ವಿಚಾರಕರು, ವ್ಯವಸ್ಥಾಪಕರು, ಆಡಳಿತದವರು ಎಲ್ಲರೂ ಇದ್ದರು. ಒಂದೇ ಷರತ್ತು ಪಗಾರದ ಮಿತಿ, ಅದನ್ನು 2015ರ ತಿದ್ದುಪಡಿ 21,000ಕ್ಕೆ ಏರಿಸಿತು. ನೀವು ಅದರೊಳಗೇ ಇದ್ದೀರಿ. ಕನಿಷ್ಠ ದರ ಶೇ 8.33. ಒಂದು ಅಡ್ಡಿ ಇರಬಹುದು: ಲಾಭದ ಉದ್ದೇಶವಿಲ್ಲದೆ ಸ್ಥಾಪಿಸಿದ ಆಸ್ಪತ್ರೆಗಳಿಗೆ ಬೋನಸ್ ಕಾನೂನು ಅನ್ವಯಿಸುವುದಿಲ್ಲ. ಆದರೆ ನರ್ಸುಗಳಿಗೆ ಕೊಟ್ಟಿದ್ದಾರೆ ಎಂದಮೇಲೆ ನಿಮ್ಮ ಆಸ್ಪತ್ರೆ ಆ ಮಾತು ಎತ್ತಲಿಕ್ಕಿಲ್ಲ.

ಗ್ರಾಚ್ಯುಟಿಗೆ ಹುದ್ದೆಯ ಹೆಸರೂ ಬೇಕಿಲ್ಲ, ಪಗಾರದ ಮಿತಿಯೂ ಇಲ್ಲ. ಐದು ವರ್ಷ ತುಂಬಿದ್ದರೆ ಸಾಕು. ಕೊನೆಯ ವೇತನವನ್ನು 26ರಿಂದ ಭಾಗಿಸಿ 15ರಿಂದ ಗುಣಿಸಿದರೆ ಒಂದು ವರ್ಷದ ಗ್ರಾಚ್ಯುಟಿ. ನಿಮ್ಮ ವೇತನ ಕಾನೂನಿನ ಲೆಕ್ಕದಲ್ಲಿ 13,000 ಎಂದಾದರೆ ವರ್ಷಕ್ಕೆ 7,500, ಆರು ವರ್ಷಕ್ಕೆ 45,000. ನೌಕರರ ವಿಮೆಯಾದ ಇಎಸ್‌ಐಗೂ ಹುದ್ದೆಯ ಹೆಸರು ಬೇಕಿಲ್ಲ, ಅದರ ಪಗಾರದ ಮಿತಿ 21,000, ಮ್ಯಾನೇಜರ್ ಆದರೂ ಇಎಸ್‌ಐ ಚೀಟಿ ಸಿಗುತ್ತದೆ.

ಪ್ರಶ್ನೆ (ಬೀದರ್): ಔಷಧ ಕಂಪನಿಯಲ್ಲಿ ನನ್ನ ಹುದ್ದೆ ‘ಏರಿಯಾ ಬಿಸಿನೆಸ್ ಎಕ್ಸಿಕ್ಯೂಟಿವ್’. ಕೆಲಸ ಏನೆಂದರೆ ಚೀಲ ಹೊತ್ತು ವೈದ್ಯರ ಬಾಗಿಲು ಕಾಯುವುದು, ಹುಮನಾಬಾದ್, ಭಾಲ್ಕಿ, ಔರಾದ್. ನಾನು ಕಾರ್ಮಿಕನೇ?

ವಕೀಲರ ಉತ್ತರ: 1994ರಲ್ಲಿ ಸ್ಯಾಂಡೋಜ್ ಕಂಪನಿಯ ಪ್ರಕರಣದಲ್ಲಿ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ನಿಮ್ಮಂಥವರು ಕಾರ್ಮಿಕರ ವಿವರಣೆಗೆ ಸೇರುವುದಿಲ್ಲ ಎಂದಿತ್ತು. ಹಾಗಾಗಿ 1976ರಲ್ಲಿ ಮಾಡಿದ ಮಾರಾಟ ಪ್ರವರ್ತನ ನೌಕರರ ಕಾಯ್ದೆಯೇ ನಿಮಗೆ ಆಸರೆಯಾಗಿತ್ತು. ಹೊಸ ಸಂಹಿತೆ ಮಾರಾಟ ಪ್ರವರ್ತನ ನೌಕರರನ್ನು ಕಾರ್ಮಿಕರ ವಿವರಣೆಯೊಳಗೇ ಹೆಸರು ಹಿಡಿದು ಸೇರಿಸಿದೆ. ಎಕ್ಸಿಕ್ಯೂಟಿವ್ ಎಂಬ ಹಣೆಪಟ್ಟಿಗೆ ಹೆದರಬೇಡಿ. ಆದರೆ ನಿಮ್ಮ ಕೆಳಗೆ ನಾಲ್ಕು ಪ್ರತಿನಿಧಿಗಳಿದ್ದು ಅವರ ಗುರಿ, ವರದಿ, ರಜೆ ನೀವು ನೋಡುತ್ತೀರಾದರೆ ಮಾತು ಬೇರೆ.

ಪ್ರಶ್ನೆ (ಬೀದರ್): ಶಾಲೆಯಲ್ಲಿ ಪಾಠ ಹೇಳುವ ಜೊತೆಗೆ ‘ಅಕಾಡೆಮಿಕ್ ಮ್ಯಾನೇಜರ್’ ಎಂದು ಮಾಡಿದ್ದಾರೆ. ನನಗೂ ಕಾರ್ಮಿಕ ಕಾನೂನು ಸಿಗುತ್ತದೆಯೇ?

ವಕೀಲರ ಉತ್ತರ: ಮ್ಯಾನೇಜರ್ ಆಗದಿದ್ದರೂ ಸಿಗುತ್ತಿರಲಿಲ್ಲ ಗುರುಗಳೇ. ಶಿಕ್ಷಕರು ಕೈಗಾರಿಕಾ ವಿವಾದ ಕಾಯ್ದೆಯ ಅರ್ಥದಲ್ಲಿ ಕಾರ್ಮಿಕರಲ್ಲ ಎಂದು 1988ರಲ್ಲಿಯೇ ಸುಪ್ರೀಂ ಕೋರ್ಟು ಹೇಳಿದೆ. ನಿಮ್ಮ ದಾರಿ 1983ರ ಕರ್ನಾಟಕ ಶಿಕ್ಷಣ ಕಾಯ್ದೆ. ಕೆಲಸದಿಂದ ತೆಗೆದರೆ ಅದರ 94ನೇ ಕಲಂ ಅಡಿ ಶೈಕ್ಷಣಿಕ ಮೇಲ್ಮನವಿ ನ್ಯಾಯಮಂಡಳಿಗೆ ಮೂರು ತಿಂಗಳೊಳಗೆ ಹೋಗಬೇಕು. ಆ ಮೂರು ತಿಂಗಳನ್ನು ಸಂಧಾನದ ಮಾತುಕತೆಯಲ್ಲಿ ಕಳೆದುಬಿಟ್ಟು ನನ್ನ ಬಳಿಗೆ ಬರುವವರೇ ಹೆಚ್ಚು. ಗ್ರಾಚ್ಯುಟಿ ಮಾತ್ರ ಶಿಕ್ಷಕರಿಗೂ ಉಂಟು.

ಹಿರಿಯ ಸದಸ್ಯರೊಬ್ಬರ ಮಾತು (ಶಹಾಬಾದ್): ವಕೀಲ ಸಾಹೇಬರೇ, ನಮ್ಮ ಗಂಜಿನ ಅಡತಿ ಅಂಗಡಿಯಲ್ಲಿ ಮುನೀಮ ಇರುತ್ತಿದ್ದ. ನಿಜಾಮರ ಕಚೇರಿಗಳಲ್ಲಿ ಪೇಶ್ಕಾರ, ಮೊಹತಮಿಮ್, ನಾಜಿಮ್ ಎಂದು ಒಬ್ಬೊಬ್ಬನಿಗೆ ಒಂದೊಂದು ಹೆಸರು, ಒಂದೊಂದು ಅಧಿಕಾರ. ಹೆಸರು ಕೇಳಿದರೆ ಅವನ ಕೈಯಲ್ಲಿ ಎಷ್ಟಿದೆ ಎಂದು ಗೊತ್ತಾಗುತ್ತಿತ್ತು. ಈಗ ಯಾರನ್ನು ಕೇಳಿದರೂ ಮ್ಯಾನೇಜರ್. ಈ ಶಬ್ದ ಎಲ್ಲಿಂದ ಬಂತು?

ವಕೀಲರ ಉತ್ತರ: ಹಿರಿಯರೇ, ಇದು ಇಂಗ್ಲಿಷಿಗೆ ಇಟಲಿಯ ಭಾಷೆಯಿಂದ ಬಂದದ್ದು, ಹದಿನಾರನೆಯ ಶತಮಾನದಲ್ಲಿ. ಅಲ್ಲಿ ಮಾನೆಜ್ಜಾರೆ ಎಂದರೆ ಕೈಯಿಂದ ನಡೆಸುವುದು, ಮುಖ್ಯವಾಗಿ ಕುದುರೆಯನ್ನು ಪಳಗಿಸುವುದು. ಕೈ ಎಂಬ ಅರ್ಥದ ಲ್ಯಾಟಿನ್ ಮಾನುಸ್ ಅದರ ಬೇರು. ಲಗಾಮು ಯಾರ ಕೈಯಲ್ಲಿದೆಯೋ ಅವನು ಮ್ಯಾನೇಜರ್. ಕಪನೂರಿನ ಹುಡುಗನಿಗೆ ಗ್ರೀಸಿನ ಡಬ್ಬಿಯ ಲಗಾಮೂ ಇರಲಿಲ್ಲ.

ನೀವು ಹೇಳಿದ ಹೆಸರುಗಳ ವಿಷಯ ಸರಿ. ಮೊಹತಮಿಮ್ ಎಂದರೆ ಮೇಲ್ವಿಚಾರಣೆಯ ಅಧಿಕಾರಿ, ನಾಜಿಮ್ ಎಂದರೆ ಇಲಾಖೆಯ ಮುಖ್ಯಸ್ಥ, ಇಬ್ಬರನ್ನೂ ಯಾರೂ ಕಲಸುತ್ತಿರಲಿಲ್ಲ. ಇನ್ನೂ ಒಂದು ಮೋಜು ಕೇಳಿ. ಅವಿಭಕ್ತ ಹಿಂದೂ ಕುಟುಂಬದ ಕರ್ತನನ್ನೂ ನಮ್ಮ ಕೋರ್ಟುಗಳ ತೀರ್ಪುಗಳು ‘ಮ್ಯಾನೇಜರ್’ ಎಂದೇ ಕರೆಯುತ್ತವೆ. ಕುಟುಂಬದ ಅಗತ್ಯಕ್ಕಾಗಿ ಹೊಲವನ್ನು ಅಡ ಇಡುವ, ಮಾರುವ ಅಧಿಕಾರ ಅವನಿಗೆ ಇರುತ್ತದೆ. ಪಗಾರ ಮಾತ್ರ ಸೊನ್ನೆ.

ಪ್ರಶ್ನೆ (ಕಲಬುರಗಿ, ನೆಹರು ಗಂಜ್): ನಾನೂ ಮಾಲೀಕನೇ, ಈ ಗುಂಪಿನಲ್ಲಿ ಸುಮ್ಮನೆ ಓದುತ್ತಿದ್ದೆ. ಎಲ್ಲ ಮಾಲೀಕರನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ. ಹುಡುಗರೇ ‘ಮ್ಯಾನೇಜರ್ ಎಂದು ಬರೆದುಕೊಡಿ’ ಎಂದು ಕೇಳುತ್ತಾರೆ, ಕನ್ಯೆ ನೋಡಲು ಹೋಗುವಾಗ ಬೇಕಂತೆ. ಬರೆದುಕೊಟ್ಟರೆ ನನಗೇನಾದರೂ ತೊಂದರೆಯೇ?

ವಕೀಲರ ಉತ್ತರ: ಸಾಹುಕಾರರೇ, ಇದು ನ್ಯಾಯವಾದ ದೂರು. ಬೇಡಿಕೆ ಎರಡೂ ಕಡೆಯಿಂದ ಇದೆ ಎಂಬುದನ್ನು ನಾನು ಒಪ್ಪುತ್ತೇನೆ. ಮದುವೆಯ ಬಯೋಡೇಟಾಕ್ಕೆ ಕಾರ್ಮಿಕ ಸಂಹಿತೆ ಅನ್ವಯಿಸುವುದಿಲ್ಲ, ಅಲ್ಲಿ ಏನಾದರೂ ಬರೆದುಕೊಳ್ಳಲಿ. ನೇಮಕಾತಿ ಪತ್ರದಲ್ಲಿ ಬರೆಯುವುದಾದರೆ ಹುದ್ದೆಯ ಹೆಸರಿನ ಕೆಳಗೆ ನಾಲ್ಕು ಸಾಲು ಕೆಲಸದ ವಿವರವನ್ನೂ ಬರೆಯಿರಿ. ಲೆಕ್ಕ ಬರೆಯುವುದು, ಸರಕು ಎಣಿಸುವುದು ಎಂದಿದ್ದರೆ ಅವನು ಗುಮಾಸ್ತ ಎಂದು ಇಬ್ಬರಿಗೂ ಗೊತ್ತಿರುತ್ತದೆ, ಮುಂದೆ ಜಗಳವಿಲ್ಲ. ಓವರ್‌ಟೈಮ್ ಉಳಿಯುತ್ತದೆ ಎಂದು ಮಾತ್ರ ಎಲ್ಲರಿಗೂ ಮ್ಯಾನೇಜರ್ ಪಟ್ಟ ಕಟ್ಟಬೇಡಿ. ಹನ್ನೆರಡು ಜನರ ಅಂಗಡಿಯಲ್ಲಿ ಒಂಬತ್ತು ಜನ ಮ್ಯಾನೇಜರ್ ಎಂದು ಪಟ್ಟಿ ಕೊಟ್ಟರೆ, ಅವರು ಯಾರನ್ನು ಮ್ಯಾನೇಜ್ ಮಾಡುತ್ತಾರೆ ಎಂದು ಸಂಧಾನಾಧಿಕಾರಿ ಕೇಳುವ ಮೊದಲ ಪ್ರಶ್ನೆಗೆ ನಿಮ್ಮ ಬಳಿ ಉತ್ತರ ಇರುವುದಿಲ್ಲ.

ಅದೇ ಸದಸ್ಯರ ಮರುಪ್ರಶ್ನೆ: ಇನ್ನೊಂದು. ನಮ್ಮದನ್ನು ಪ್ರೈವೇಟ್ ಲಿಮಿಟೆಡ್ ಕಂಪನಿ ಮಾಡಿದ್ದೇವೆ. ಮಗನನ್ನು ಮ್ಯಾನೇಜಿಂಗ್ ಡೈರೆಕ್ಟರ್, ಅಣ್ಣನ ಮಗನನ್ನು ಮ್ಯಾನೇಜರ್ ಮಾಡಬೇಕೆಂದಿದೆ. ಮನೆಯಲ್ಲಿ ಮಾತಾಗಿದೆ.

ವಕೀಲರ ಉತ್ತರ: ಆ ಎರಡನ್ನೂ ಒಟ್ಟಿಗೆ ಮಾಡುವಂತಿಲ್ಲ. 2013ರ ಕಂಪನಿ ಕಾಯ್ದೆಯ 196ನೇ ಕಲಂ ಪ್ರಕಾರ ಒಂದೇ ಕಾಲಕ್ಕೆ ಮ್ಯಾನೇಜಿಂಗ್ ಡೈರೆಕ್ಟರ್ ಮತ್ತು ಮ್ಯಾನೇಜರ್ ಇಬ್ಬರನ್ನು ನೇಮಿಸಬಾರದು. ಆ ಕಾಯ್ದೆಯಲ್ಲಿ ಮ್ಯಾನೇಜರ್ ಎಂದರೆ ನಿರ್ದೇಶಕ ಮಂಡಳಿಯ ಹತೋಟಿಯಲ್ಲಿದ್ದುಕೊಂಡು ಇಡೀ ಕಂಪನಿಯ ಅಥವಾ ಅದರ ಬಹುಪಾಲು ವ್ಯವಹಾರ ನಡೆಸುವವನು. ಬ್ಯಾಂಕಿನ ಶಾಖೆಯ ಮ್ಯಾನೇಜರ್, ಗೋದಾಮಿನ ಮ್ಯಾನೇಜರ್ ಈ ಲೆಕ್ಕಕ್ಕೆ ಬರುವುದಿಲ್ಲ. ಆದ್ದರಿಂದ ಅಣ್ಣನ ಮಗನಿಗೆ ಖರೀದಿಯೋ ಗೋದಾಮೋ ಯಾವುದಾದರೂ ಒಂದು ವಿಭಾಗ ವಹಿಸಿ, ‘ಖರೀದಿ ಮ್ಯಾನೇಜರ್’ ಎಂದು ಹೆಸರಿಡಿ, ಮಂಡಳಿಯ ನಡಾವಳಿ ಪುಸ್ತಕದಲ್ಲಿ ಅವನ ಅಧಿಕಾರ ಅಷ್ಟೇ ಎಂದು ಬರೆಸಿ. ಹಾಗಲ್ಲ, ಇಬ್ಬರೂ ಸಮಸಮ ಇರಬೇಕು ಎಂಬುದು ಮನೆಯ ಮಾತಾದರೆ ಇಬ್ಬರನ್ನೂ ನಿರ್ದೇಶಕರನ್ನಾಗಿ ಮಾಡಿ, ಅದಕ್ಕೆ ಕಾಯ್ದೆಯ ಅಡ್ಡಿಯಿಲ್ಲ. ನಿಮ್ಮ ಅಣ್ಣನವರು ಒಪ್ಪುತ್ತಾರೋ ಇಲ್ಲವೋ, ಅದು ನಿಮಗೆ ಬಿಟ್ಟದ್ದು.